ಲೈಫ್ ಕೋಚಾ, ಕೌನ್ಸೆಲರಾ? ಯಾರ ಹತ್ರ ಹೋಗೋದು ಅಂತಾನೇ ಗೊತ್ತಾಗ್ತಿಲ್ಲ

ಪ್ರಶ್ನೆ:
ಮೇಡಂ ನಮಸ್ತೆ, ಗ್ರೂಪಲ್ಲಿ ಫಸ್ಟ್ ಟೈಮ್ ಕೇಳ್ತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ. ನಂಗೆ 36. ಕೆಲಸ ಬದಲಾಯಿಸ್ಬೇಕು ಅಂತ ಒಂದು ವರ್ಷದಿಂದ ಅಂದ್ಕೋತಾನೇ ಇದೀನಿ, ಇನ್ನೂ ಒಂದು ಕಡೆನೂ ಅಪ್ಲೈ ಮಾಡಿಲ್ಲ. ಅದರ ಜೊತೆ ಈಗ ಎರಡು ತಿಂಗಳಿಂದ ರಾತ್ರಿ ಮೂರು ಗಂಟೆಗೆಲ್ಲ ಎಚ್ಚರ ಆಗ್ಬಿಡುತ್ತೆ, ಆಮೇಲೆ ನಿದ್ದೆ ಬರಲ್ಲ, ಮೊದಲು ಫ್ರೆಂಡ್ಸ್ ಜೊತೆ ಬ್ಯಾಡ್ಮಿಂಟನ್ ಆಡ್ತಿದ್ದೆ ಅದೂ ಬಿಟ್ಟಾಯ್ತು, ಫೋನ್ ಬಂದ್ರೆ ಎತ್ತೋಕೂ ಮನಸ್ಸಿಲ್ಲ. ಫ್ರೆಂಡ್ ಒಬ್ಬ ಒಂದು ಲೈಫ್ ಕೋಚ್ ನಂಬರ್ ಕೊಟ್ಟ. ಫ್ರೀ ಕಾಲ್‌ನಲ್ಲಿ ಅವ್ರು ತುಂಬಾ ಚೆನ್ನಾಗಿ ಮಾತಾಡಿದ್ರು, ಆದ್ರೆ ಕೊನೆಗೆ 90 ದಿನದ ಪ್ಯಾಕೇಜು, ದುಡ್ಡು ಪೂರ್ತಿ ಮೊದಲೇ, ಇವತ್ತು ರಾತ್ರಿ ಒಳಗೆ ಸೇರಿದ್ರೆ ಡಿಸ್ಕೌಂಟು ಅಂದ್ರು. ಅಕ್ಕ ಹೇಳ್ತಾಳೆ ಕೋಚ್ ಗೀಚ್ ಬೇಡ, ಕೌನ್ಸೆಲರ್ ಹತ್ರ ಹೋಗು ಅಂತ. ನಂಗೆ ಎರಡೂ ಒಂದೇ ತರ ಕಾಣ್ಸುತ್ತೆ. ಯಾರ ಹತ್ರ ಹೋಗ್ಲಿ?

ಉತ್ತರ (ಕೌನ್ಸೆಲರ್):
ನಮಸ್ತೆ. ಡಿಸ್ಕೌಂಟ್ ವಿಷ್ಯ ಮೊದಲು ಮುಗಿಸ್ತೀನಿ, ಇವತ್ತು ರಾತ್ರಿ ದುಡ್ಡು ಕಳಿಸ್ಬೇಡಿ. ಅವ್ರು ಒಳ್ಳೆ ಕೋಚೇ ಇರಬಹುದು, ಆದ್ರೂ ನಿದ್ದೆಗೆಟ್ಟು ತಲೆ ಓಡದೇ ಇರೋ ಮನುಷ್ಯನಿಗೆ ಗಡುವು ಹಾಕಿ ದುಡ್ಡು ಕೇಳೋದು ನಂಗೆ ಸರಿ ಕಾಣಲ್ಲ.

ಈಗ ನಿಮ್ಮ ವಿಷ್ಯ. ನೀವು ಬರೆದಿರೋದ್ರಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರ್ಕೊಂಡಿದೆ. ಕೆಲಸ ಬದಲಾಯಿಸೋದು ಒಂದು, ಅದಕ್ಕೆ ಕೋಚ್ ಉಪಯೋಗಕ್ಕೆ ಬರ್ತಾರೆ. ನಿದ್ದೆ ಹೋಗಿರೋದು, ಇಷ್ಟಪಟ್ಟು ಮಾಡ್ತಿದ್ದಿದ್ದೆಲ್ಲ ಬೇಡ ಅನ್ಸೋದು ಇನ್ನೊಂದು, ಅದು ಕೋಚ್ ಕೆಲಸ ಅಲ್ಲ. ಈ ತರ ಮಂಕು ಅಥವಾ ನಿರಾಸಕ್ತಿ ಹೆಚ್ಚುಕಮ್ಮಿ ದಿನಾ ಇದ್ದು ಎರಡು ವಾರ ದಾಟಿದ್ರೆ ಡಿಪ್ರೆಶನ್ ಇದೆಯಾ ಅಂತ ನೋಡ್ಲೇಬೇಕು ಅಂತಾರೆ, ನಿಮಗೆ ಎರಡು ತಿಂಗಳಾಗಿದೆ. ಇದೆ ಅಂತ ನಾನು ಇಲ್ಲಿ ಕೂತು ಹೇಳ್ತಿಲ್ಲ, ನೋಡಿಸ್ಕೊಳ್ಳಿ ಅಂತಿದೀನಿ ಅಷ್ಟೆ. ಮೊದಲು ಮಾಮೂಲಿ ಡಾಕ್ಟರ್ ಹತ್ರ ಹೋಗಿ, ಯಾಕಂದ್ರೆ ಥೈರಾಯ್ಡ್ ಕಮ್ಮಿ ಆದ್ರೆ, ರಕ್ತ ಕಮ್ಮಿ ಆದ್ರೆ, ಬಿ12 ಕಮ್ಮಿ ಆದ್ರೂ ಇದೇ ತರ ಸುಸ್ತು, ಬೇಜಾರು ಬರುತ್ತೆ, ಮಾತ್ರೆಯಿಂದ ಹೋಗೋದನ್ನ ಆರು ತಿಂಗಳು ಮಾತಾಡಿ ಕಳೆಯೋಕೆ ನೋಡಿರೋರು ಇದಾರೆ. ಬಹುಶಃ ಅಲ್ಲಿ ಡಿಪ್ರೆಶನ್ ಲಕ್ಷಣ ಎಷ್ಟಿದೆ ಅಂತ ನೋಡೋಕೆ ಪಿಎಚ್‌ಕ್ಯೂ-9 ಅಂತ ಒಂದು ಹಾಳೆ ಕೊಡ್ತಾರೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಇನ್ನೂ ಸರಿಯಾಗಿ ವಿಚಾರಿಸ್ಬೇಕು ಅಂತ ಅರ್ಥ. ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆ, ತನಗೆ ತಾನೇ ನೋವು ಮಾಡ್ಕೊಳ್ಳೋ ಯೋಚನೆ ಬಗ್ಗೆ. ಒಟ್ಟು ಎಷ್ಟೇ ಬರ್ಲಿ, ಅದಕ್ಕೆ ಸೊನ್ನೆ ಹಾಕೋಕೆ ಆಗ್ತಿಲ್ಲ ಅಂದ್ರೆ ಅವತ್ತೇ ಡಾಕ್ಟರಿಗೂ ಮನೇಲಿ ಒಬ್ಬರಿಗೂ ಬಾಯಿಬಿಟ್ಟು ಹೇಳಿ.

ಇನ್ನು ಯಾರು ಏನು ಅಂತ. ಸೈಕಿಯಾಟ್ರಿಸ್ಟ್ ಅಂದ್ರೆ ಮೆಡಿಕಲ್ ಓದಿರೋ ಡಾಕ್ಟರು, ಮಾತ್ರೆ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಟೆಸ್ಟ್ ಮಾಡ್ತಾರೆ, ಥೆರಪಿ ಕೊಡ್ತಾರೆ. ಕೌನ್ಸೆಲರ್ ನಿಮ್ಮ ಮನಸ್ಸಲ್ಲಿ, ಸಂಬಂಧಗಳಲ್ಲಿ ಏನು ಸಿಕ್ಕಾಕೊಂಡಿದೆ ಅಂತ ಜೊತೆಗೆ ಕೂತು ನೋಡ್ತಾರೆ. ಕೋಚ್ ಮುಂದಕ್ಕೆ ನೋಡೋರು, ಗುರಿ ಏನು, ಈ ವಾರ ಏನು ಮಾಡ್ತೀರಿ, ಮಾಡಿದ್ರಾ, ಹೀಗೆ. ಒಂದು ಮಾತು ನೆನಪಿರ್ಲಿ, ಲೈಫ್ ಕೋಚ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಹೆಚ್ಚಿನ ದೇಶಗಳಲ್ಲಿ ಲೈಸೆನ್ಸ್ ಬೇಕಿಲ್ಲ. ನಮ್ಮ ಕಸುಬಿನ ಮರ್ಯಾದೆ ಪ್ರಶ್ನೆ ಆದ್ರೂ ಹೇಳ್ತೀನಿ, ಕೌನ್ಸೆಲರ್ ಅನ್ನೋ ಹೆಸರಿಗೂ ಎಷ್ಟೋ ಕಡೆ ಇದೇ ಕಥೆ. ಕೋಚ್‌ಗಳಿಗೆ 1995ರಲ್ಲಿ ಶುರುವಾದ ಐಸಿಎಫ್ ಅಂತ ಸಂಸ್ಥೆ ಇದೆ, ಎಸಿಸಿ, ಪಿಸಿಸಿ, ಎಂಸಿಸಿ ಅಂತ ಮೂರು ಹಂತದ ಸರ್ಟಿಫಿಕೇಟ್ ಕೊಡುತ್ತೆ. ಮೊದಲನೇ ಹಂತಕ್ಕೇ 60 ಗಂಟೆ ಟ್ರೈನಿಂಗು, 100 ಗಂಟೆ ಕೋಚಿಂಗ್ ಮಾಡಿರೋ ಅನುಭವ ಬೇಕು. ವೀಕೆಂಡ್ ಕೋರ್ಸ್ ಮಾಡಿ ಬಂದೋರಿಗೆ ಅದು ಸಿಗಲ್ಲ.

ಆದ್ರೆ ಸರ್ಟಿಫಿಕೇಟ್‌ಗಿಂತ ನಾನು ನಂಬೋದು ಒಂದು ಪ್ರಶ್ನೆನ. ಕೋಚೇ ಆಗ್ಲಿ ಕೌನ್ಸೆಲರೇ ಆಗ್ಲಿ, ಮೊದಲ ಕಾಲ್‌ನಲ್ಲೇ ಕೇಳಿ, "ಯಾವ ತರ ಸಮಸ್ಯೆ ಬಂದ್ರೆ ನೀವು ತಗೊಳ್ಳಲ್ಲ, ಬೇರೆಯವ್ರ ಹತ್ರ ಕಳಿಸ್ತೀರಿ?" ಕೆಲಸ ಗೊತ್ತಿರೋರು ತಡವರಿಸದೇ ಹೇಳ್ತಾರೆ, ಕುಡಿತದ್ದು ನಾನು ನೋಡಲ್ಲ, ಮಕ್ಕಳದ್ದು ನೋಡಲ್ಲ, ನಿದ್ದೆ ಇಷ್ಟು ಹಾಳಾಗಿದ್ರೆ ಮೊದಲು ಡಾಕ್ಟರ್ ನೋಡ್ಲಿ ಅಂತೀನಿ, ಹೀಗೆ. "ನಾನು ಎಲ್ಲಾನೂ ಹ್ಯಾಂಡಲ್ ಮಾಡ್ತೀನಿ" ಅಂದ್ರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ನಿಮ್ಮ ಕೋಚ್‌ಗೆ ನಿದ್ದೆ ವಿಷ್ಯ ಹೇಳಿದ್ರಾ? ಏನಂದ್ರು?

ಪ್ರಶ್ನೆ ಕೇಳಿದವರು:
ಹೇಳಿದೆ ಮೇಡಂ. "ಅದೆಲ್ಲ ಮೈಂಡ್‌ಸೆಟ್ಟು, ಎರಡನೇ ವಾರಕ್ಕೆ ಸರಿ ಹೋಗುತ್ತೆ" ಅಂದ್ರು.

ಉತ್ತರ:
ಹಾಗಾದ್ರೆ ಉತ್ತರ ಅವ್ರೇ ಕೊಟ್ಟಿದಾರೆ.

ಇನ್ನೊಬ್ಬ ಸದಸ್ಯರು:
ಮೇಡಂ ಇದೇ ಥ್ರೆಡ್‌ನಲ್ಲಿ ಕೇಳ್ಬಿಡ್ತೀನಿ. ನಾನು ಕೌನ್ಸೆಲರ್ ಹತ್ರ ಹೋಗ್ತಿದೀನಿ, ಐದು ಸಿಟ್ಟಿಂಗ್ ಆಯ್ತು. ಒಳ್ಳೆಯವ್ರು, ಆದ್ರೆ ನಾನು ಮಾತಾಡ್ತೀನಿ ಅವ್ರು ಹೂಂ ಹೂಂ ಅಂತಾರೆ, ಟೈಮ್ ಆಯ್ತು ಅಂತಾರೆ, ಬರ್ತೀನಿ. ಇದು ಕೆಲಸ ಮಾಡ್ತಿದೆಯಾ ಇಲ್ವಾ ಗೊತ್ತಾಗೋದು ಹೇಗೆ? ಬಿಟ್ರೆ ಅವ್ರಿಗೆ ಬೇಜಾರಾಗುತ್ತೇನೋ ಅಂತಾನೂ ಅನ್ಸುತ್ತೆ.

ಉತ್ತರ:
ಅವ್ರ ಬೇಜಾರು ಅವ್ರು ನೋಡ್ಕೋತಾರೆ ಬಿಡಿ, ಅದಕ್ಕೇ ಅವ್ರಿಗೂ ಸೂಪರ್‌ವೈಸರ್ ಅಂತ, ಅಂದ್ರೆ ತಮ್ಮ ಕೆಲಸದ ಬಗ್ಗೆ ಹೇಳ್ಕೊಂಡು ಸಲಹೆ ಕೇಳೋಕೆ ಒಬ್ಬ ಅನುಭವಸ್ಥರು ಇರ್ತಾರೆ, ಇರ್ಬೇಕು.

1979ರಲ್ಲಿ ಎಡ್ವರ್ಡ್ ಬೋರ್ಡಿನ್ ಅನ್ನೋ ಸೈಕಾಲಜಿಸ್ಟ್ ಹೇಳಿದ್ದನ್ನ ನಾವು ಈಗ್ಲೂ ಹಿಡ್ಕೊಂಡಿದೀವಿ. ಎಲ್ಲಿಗೆ ಹೋಗ್ಬೇಕು ಅನ್ನೋದ್ರಲ್ಲಿ ಇಬ್ಬರಿಗೂ ಒಪ್ಪಿಗೆ ಇರ್ಬೇಕು, ಅದಕ್ಕೆ ಏನು ಮಾಡ್ತೀವಿ ಅನ್ನೋದ್ರಲ್ಲೂ ಇರ್ಬೇಕು, ಮತ್ತೆ ಇಬ್ಬರ ನಡುವೆ ಒಂದು ನಂಬಿಕೆ ಹುಟ್ಟಿರ್ಬೇಕು. ನಿಮ್ಮ ಕಥೇಲಿ ನಂಬಿಕೆ ಇದ್ದಂಗಿದೆ, ಮೊದಲ ಎರಡೂ ಇಲ್ಲ. ಇದು ತುಂಬಾ ಸಾಮಾನ್ಯ, ಸರಿ ಮಾಡ್ಕೋಬಹುದು ಕೂಡ. ಮುಂದಿನ ಸಲ ಹೋಗಿ ಕೂತ ತಕ್ಷಣ, ಬೇರೆ ಮಾತು ಶುರು ಆಗೋ ಮುಂಚೆ, "ನಾವು ಯಾವುದರ ಮೇಲೆ ಕೆಲಸ ಮಾಡ್ತಿದೀವಿ ಅಂತ ನಂಗೆ ಗೊತ್ತಾಗ್ತಿಲ್ಲ" ಅಂತ ಹೇಳ್ಬಿಡಿ. ಆಮೇಲೆ ಮುಖ ನೋಡಿ. "ಒಳ್ಳೇದಾಯ್ತು ಹೇಳಿದ್ದು, ಬನ್ನಿ ಇವತ್ತು ಅದನ್ನೇ ಮಾತಾಡೋಣ" ಅಂತ ಪೆನ್ ಕೈಗೆ ತಗೊಂಡ್ರೆ ಇನ್ನೊಂದು ಮೂರ್ನಾಲ್ಕು ಸಿಟ್ಟಿಂಗ್ ಕೊಡಿ. "ನಿಮಗೆ ತಾಳ್ಮೆ ಇಲ್ಲ, ಅದೇ ನಿಮ್ಮ ಪ್ರಾಬ್ಲಮ್ಮು" ಅಂತ ನಿಮ್ಮ ಮೇಲೇ ತಿರುಗಿಸಿದ್ರೆ ಬೇರೆಯವ್ರನ್ನ ಹುಡುಕಿ.

ಎಷ್ಟು ದಿನ ಕಾಯ್ಬೇಕು ಅಂದ್ರೆ, 1986ರಲ್ಲಿ ಕೆನ್ನೆತ್ ಹೋವರ್ಡ್ ಮತ್ತೆ ಜೊತೆಗಾರರು ಹಳೇ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಎಂಟು ಸೆಷನ್ ಹೊತ್ತಿಗೆ ಸುಮಾರು ಅರ್ಧ ಜನಕ್ಕೆ ಸುಧಾರಣೆ ಕಂಡಿತ್ತು. ಅಂದ್ರೆ ಇನ್ನರ್ಧ ಜನಕ್ಕೆ ಇನ್ನೂ ಕಂಡಿರ್ಲಿಲ್ಲ, ಹಾಗಾಗಿ ಎಂಟಕ್ಕೆ ಕತ್ತರಿಸಿ ಅಂತಲ್ಲ, ಎಂಟಾದ್ರೂ ಒಂಚೂರೂ ಅಲ್ಲಾಡಿಲ್ಲ ಅಂದ್ರೆ ಆ ಮಾತು ಎತ್ತಲೇಬೇಕು ಅಂತ. ಅಂದಹಾಗೆ ಸಿಟ್ಟಿಂಗ್ ಮುಗಿಸಿ ಬಂದಾಗ ಅಳು ಬರೋದು, ಭಾರ ಅನ್ಸೋದು ಎಲ್ಲ ಕೆಟ್ಟ ಲಕ್ಷಣ ಅಲ್ಲ. ಪ್ರತಿ ಸಲ ಹಗುರ ಆಗಿ ಬರೋದೇ ಗುರಿ ಆಗಿದ್ರೆ ಫ್ರೆಂಡ್ ಜೊತೆ ಹರಟೆ ಹೊಡೆದ್ರೂ ಆಗುತ್ತೆ.

ಮತ್ತೊಬ್ಬರು:
ಅಕ್ಕ, ನಮ್ಮ ಅಮ್ಮನ ಫ್ರೆಂಡೇ ಕೌನ್ಸೆಲರ್. ಅವ್ರ ಹತ್ರಾನೇ ಹೋಗು ಅಂತಿದಾರೆ ಮನೇಲಿ. ಹೇಳಿದ್ದೆಲ್ಲ ಅಮ್ಮನಿಗೆ ಗೊತ್ತಾಗುತ್ತಾ?

ಉತ್ತರ:
ಗೊತ್ತಾಗಬಾರದು, ಆದ್ರೂ ಅವ್ರ ಹತ್ರ ಹೋಗ್ಬೇಡಮ್ಮ. ಅವ್ರು ಒಂದು ಮಾತೂ ಆಚೆ ಬಿಡದೇ ಇದ್ರೂ, ಅಮ್ಮ ಅವ್ರ ಜೊತೆ ಫೋನಲ್ಲಿ ನಗ್ತಿದ್ರೆ ನಿಂಗೆ ಅನುಮಾನ ಬಂದೇ ಬರುತ್ತೆ, ಮುಂದಿನ ವಾರ ಅರ್ಧ ಮುಚ್ಚಿಟ್ಟೇ ಮಾತಾಡ್ತೀಯ. ಸರಿಯಾಗಿ ತರಬೇತಿ ಆಗಿರೋ ಕೌನ್ಸೆಲರ್ ಆದ್ರೆ ಅವ್ರೇ ಬೇಡ ಅಂತಾರೆ, ಪರಿಚಯದವ್ರನ್ನ ನಾವು ತಗೊಳ್ಳಲ್ಲ. ಇನ್ನೊಬ್ಬರ ಹೆಸರು ಕೊಡಿ ಅಂತ ಅವ್ರನ್ನೇ ಕೇಳು, ಅಮ್ಮನಿಗೂ ಬೇಜಾರಾಗಲ್ಲ.

ಗುಟ್ಟಿನ ವಿಷ್ಯಕ್ಕೆ ಬಂದ್ರೆ, ಯಾರ ಹತ್ರ ಹೋದ್ರೂ ಅದಕ್ಕೊಂದು ಮಿತಿ ಇದೆ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ರೆ, ಮಗುಗೆ ಯಾರಾದ್ರೂ ಹಿಂಸೆ ಕೊಡ್ತಿದ್ರೆ, ಕೋರ್ಟ್ ಕೇಳಿದ್ರೆ ಹೇಳ್ಬೇಕಾಗಿ ಬರಬಹುದು. ನಿಂಗೆ 18 ಆಗಿಲ್ಲ ಅಂದ್ರೆ ಅಪ್ಪ ಅಮ್ಮನಿಗೆ ಏನೇನು ಹೇಳ್ತಾರೆ ಅನ್ನೋದನ್ನೂ ಮೊದಲೇ ಕೇಳ್ಕೋ. ಇದನ್ನೆಲ್ಲ ಮೊದಲ ದಿನವೇ ಹೇಳಿ, ಬರೆದಿರೋ ಕಾಗದಕ್ಕೆ ಸೈನ್ ಹಾಕಿಸ್ಕೋತಾರೆ. ಓದದೇ ಸೈನ್ ಹಾಕ್ಬೇಡ.

ಪ್ರಶ್ನೆ ಕೇಳಿದವರು:
ಮೇಡಂ, ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೆ. ಕೋಚ್ ಮತ್ತೆ ಮೆಸೇಜ್ ಮಾಡ್ತಿದಾರೆ, ಆಫರ್ ನಾಳೆವರೆಗೂ ಎಕ್ಸ್‌ಟೆಂಡ್ ಮಾಡಿದೀನಿ ಅಂತ 😅 ಏನು ಹೇಳ್ಲಿ?

ಉತ್ತರ:
"ಸದ್ಯಕ್ಕೆ ಬೇಡ ಸರ್, ಬೇಕಾದಾಗ ನಾನೇ ಕೇಳ್ತೀನಿ" ಅಂತ ಒಂದು ಸಾಲು ಸಾಕು. ಕಾರಣ ಕೊಡೋಕೆ ಹೋಗ್ಬೇಡಿ, ಕಾರಣ ಕೊಟ್ರೆ ಅದಕ್ಕೊಂದು ಉತ್ತರ ಬರುತ್ತೆ. ಡಾಕ್ಟರ್ ಹತ್ರ ಹೋಗುವಾಗ ನಿದ್ದೆ ಎಷ್ಟೊತ್ತಿಗೆ ಬರುತ್ತೆ, ಎಷ್ಟೊತ್ತಿಗೆ ಎಚ್ಚರ ಆಗುತ್ತೆ ಅಂತ ಬರ್ಕೊಂಡು ಹೋಗಿ, ಎದುರಿಗೆ ಕೂತಾಗ ಮರೆತುಹೋಗುತ್ತೆ.