ಸಹಾಯ ಬೇಕು: ಲಿಸ್ಬನ್ 1974ರ ಶೈಮಿಟ್ ಮಾದರಿಗೆ ಅಳತೆ ನಕ್ಷೆ

ಸ್ಕೇಲ್ ಮಾಡೆಲ್ ಕಟ್ಟುವವರಿಗೆ ನಮಸ್ಕಾರ. ಪೋರ್ಚುಗಲ್‌ನಲ್ಲಿ ಸೈನಿಕರು ಸರ್ವಾಧಿಕಾರವನ್ನು ಉರುಳಿಸಿದ 1974ರ ಏಪ್ರಿಲ್ 25ರಂದು ರಾಜಧಾನಿ ಲಿಸ್ಬನ್ನಿನ ಕಾರ್ಮೊ ಚೌಕ ಹೇಗಿತ್ತೋ ಹಾಗೆ 1/35 ಅಳತೆಯಲ್ಲಿ ಕಟ್ಟುತ್ತಿದ್ದೇನೆ. ಸಾಂತಾರೇಂ ಊರಿನಿಂದ ಕ್ಯಾಪ್ಟನ್ ಸಾಲ್ಗೈರೊ ಮಾಯಾ ತಂದ ಬಂಡಾಯ ಪಡೆಯಲ್ಲಿದ್ದ ಎರಡು ಬಗೆಯ ಉಕ್ಕಿನ ಕವಚದ ಸೇನಾ ಗಾಡಿ ಅದರಲ್ಲಿ ಬೇಕು: ಪೋರ್ಚುಗಲ್‌ನಲ್ಲೇ ಬ್ರಾವಿಯಾ ಕಂಪನಿ ತಯಾರಿಸಿದ ಶೈಮಿಟ್, ಫ್ರಾನ್ಸಿನ ಪನಾರ್ ಇಬಿಆರ್.

ಇಬಿಆರ್‌ಗೆ ಎಂಟು ಚಕ್ರ. ನಡುವಿನ ನಾಲ್ಕಕ್ಕೆ ರಬ್ಬರ್ ಟೈರ್ ಇಲ್ಲ, ಲೋಹದ ಹಲ್ಲುಗಳಿವೆ. ಕೆಸರು ನೆಲದಲ್ಲಿ ಮಾತ್ರ ಕೆಳಗಿಳಿಯುತ್ತವೆ. ಕಲ್ಲುಹಾಸಿನ ಬೀದಿಯಲ್ಲಿ ಅವು ಮೇಲೆತ್ತಿಕೊಂಡೇ ಇರಬೇಕು. ಆದ್ದರಿಂದ ಅಂಟು ಹಾಕುವ ಮುನ್ನ ಗಾಡಿಯನ್ನು ಗಾಜಿನ ಮೇಲಿಟ್ಟು ಹೊರಗಿನ ನಾಲ್ಕೂ ನೆಲ ಮುಟ್ಟುತ್ತವೆಯೇ ನೋಡಿಕೊಳ್ಳಬೇಕು. ಮೆತ್ತನೆಯ ವಿನೈಲ್ ಟೈರ್ ಆದರೆ ರಿಮ್‌ಗೆ ಮೊದಲೇ ಪ್ರೈಮರ್ ಹೊಡೆಯಿರಿ. ಇಲ್ಲದಿದ್ದರೆ ಕೆಲವು ಟೈರ್‌ಗಳೊಳಗಿನ ಎಣ್ಣೆಯಂಥ ಅಂಶ ಪ್ಲಾಸ್ಟಿಕ್ಕನ್ನು ನಿಧಾನಕ್ಕೆ ಕರಗಿಸುತ್ತದೆ. ಇಷ್ಟರಲ್ಲಿ ತೊಂದರೆಯಿಲ್ಲ.

ತೊಡಕಿರುವುದು ಶೈಮಿಟ್‌ನಲ್ಲಿ. ಅಮೆರಿಕದ ವಿ-100 ಕಮಾಂಡೊ ಎಂಬ ಕವಚದ ಗಾಡಿಯ ಮಾದರಿ ಕಿಟ್ಟನ್ನೇ ಬದಲಿಸಿ ಮಾಡಬೇಕಾಗಿದೆ. ಆಕಾರ ಹತ್ತಿರ, ಆದರೆ ಒಂದೇ ಅಲ್ಲ. ನಿಜವಾದ ಗಾಡಿಯ ಉದ್ದ ಸುಮಾರು 5.6 ಮೀಟರ್, ಅಂದರೆ ಮಾದರಿಯಲ್ಲಿ 160 ಮಿಮೀ. ಪಕ್ಕದ ಬಾಗಿಲು 1 ಮಿಮೀ ಆಚೀಚೆಯಾದರೂ ನಿಜದಲ್ಲಿ ಮೂರೂವರೆ ಸೆಂಮೀ ತಪ್ಪು, ಕಣ್ಣಿಗೆ ಹೊಡೆಯುತ್ತದೆ.

ಬೇಕಾಗಿರುವುದು: ಪಕ್ಕದ ಮತ್ತು ಹಿಂದಿನ ಬಾಗಿಲುಗಳ ಅಳತೆ, ಗಾಡಿಯ ಮೇಲಿನ ಬಂದೂಕಿನ ತಿರುಗೋಪುರವನ್ನು ಮೇಲಿನಿಂದ ನೋಡಿದ ನಕ್ಷೆ, ಮತ್ತು ಶರಣಾದ ಪ್ರಧಾನಿ ಮಾರ್ಸೆಲೊ ಕಾಯ್ತಾನೊ ಅವರನ್ನು ಅಂದು ಸಂಜೆ ಕಾರ್ಮೊ ಬ್ಯಾರಕ್ಸಿನಿಂದ ಹೊತ್ತೊಯ್ದ ‘ಬುಲಾ’ ಎಂಬ ಶೈಮಿಟ್‌ನ ಎಡ, ಬಲ ಎರಡೂ ಬದಿಯ ಸ್ಪಷ್ಟ ಫೋಟೊ. ಪೋರ್ಚುಗಲ್‌ನಲ್ಲಿರುವ ಕನ್ನಡಿಗರು ಮ್ಯೂಸಿಯಂಗೆ ಹೋದಾಗ ಬಾಗಿಲ ಪಕ್ಕ ಒಂದು ಮೀಟರ್ ಪಟ್ಟಿ ಹಿಡಿದು, ನೇರವಾಗಿ ನಿಂತು ತೆಗೆದರೆ ಸಾಕು. ಓರೆಯಾಗಿ ತೆಗೆದ ಫೋಟೊದಿಂದ ಅಳತೆ ಸಿಗುವುದಿಲ್ಲ.