ಮಳೆಗಾಲ ಹತ್ರ ಬಂತು, ಕೌದಿ ಈಗ ಹಿಡೀಲೋ ಬೇಡವೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಹತ್ರ, ಅಡಿಕೆ ತೋಟದ ಮಧ್ಯ. ನಮ್ಮತ್ತೆಯ ತವರು ಇಳಕಲ್ ಕಡೆ. ಹೋದ ವಾರ ಅಲ್ಲಿಗೆ ಹೋದವರು ಒಂದು ಟ್ರಂಕ್ ತುಂಬ ಹಳೇ ಸೀರೆ, ಧೋತರ ತಗೊಂಡು ಬಂದು ನನ್ನ ಮುಂದಿಟ್ಟಿದ್ದಾರೆ. ಹೆಚ್ಚಿನವು ಇಳಕಲ್ ಹತ್ತಿ ಸೀರೆ, ಉಟ್ಟು ಉಟ್ಟು ಮೆತ್ತಗಾಗಿವೆ. "ಇಟ್ಟು ನುಸಿ ಹಿಡಿಸಬ್ಯಾಡ, ಕೌದಿ ಹೊಲಿ" ಅಂತ ಅಪ್ಪಣೆ. ಕೌದಿ ಅಂದರೆ ಹಳೇ ಬಟ್ಟೆ ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿಯೋ ಹೊದಿಕೆ. ಅವರಿಗೆ ಕಣ್ಣು ಮಂಜಾಗಿದೆ, ಸೂಜಿ ಪೋಣಿಸೋಕಾಗಲ್ಲ. ನನಗೆ ಬಟನ್ ಹಚ್ಚೋದು, ಫಾಲ್ ಹೊಲಿಯೋದು ಬಿಟ್ಟರೆ ಕೈಹೊಲಿಗೆ ಅಷ್ಟಾಗಿ ಗೊತ್ತಿಲ್ಲ.

ಈಗ ಮೇ ಅರ್ಧ ಕಳೀತು. ಜೂನ್ ಮೊದಲ ವಾರ ಇಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗೋದು ಒಲೆ ಮೇಲೇ. ಮಳೆಗಾಲದಲ್ಲಿ ಮನೆಯೊಳಗೆ ಕೂತು ನಿಧಾನಕ್ಕೆ ಹೊಲಿಯೋಣ ಅಂತ ನನ್ನ ಲೆಕ್ಕಾಚಾರ. ಅತ್ತೆ ಮಾತ್ರ "ಮಳ್ಯಾಗ ಕೌದಿ ಯಾರಾರ ಹಿಡೀತಾರೇನು?" ಅಂತ ನಗ್ತಾರೆ, ಕಾರಣ ಕೇಳಿದರೆ "ಹಿಡಿಯೂದಿಲ್ಲ, ಅಷ್ಟ" ಅಂತಾರೆ. ಯಾಕೆ ಹಿಡಿಯಬಾರದು? ಎಷ್ಟು ಪದರ ಹಾಕಬೇಕು? ನನ್ನ ಹತ್ರ ಇರೋ ಜಾರ್ಜೆಟ್, ಪಾಲಿಸ್ಟರ್ ಸೀರೆಗಳನ್ನೂ ಇದರಲ್ಲೇ ಮುಗಿಸಬಹುದಾ? ಇನ್ನೊಂದು, ನನ್ನ ತಂಗಿಗೆ ಕಾರ್ತಿಕದಲ್ಲಿ ಹೆರಿಗೆ. ಮಗುವಿಗೂ ಒಂದು ಮಾಡಿಕೊಡೋ ಆಸೆ ಇದೆ.

ಜಯನಗರದ ಟೈಲರ್:

ಮೇಡಂ, ಇಷ್ಟೆಲ್ಲ ಕಷ್ಟ ಯಾಕೆ? ಮೆಷಿನ್ನಲ್ಲಿ ಉದ್ದ ಹೊಲಿಗೆ ಇಟ್ಟು ಅಡ್ಡಡ್ಡ ಹೊಡೆದರೆ ಎರಡು ದಿನದ ಕೆಲಸ. ನಾನು ಗಿರಾಕಿಗಳಿಗೆ ಹಾಗೇ ಮಾಡಿಕೊಡೋದು. ಮೂರು ಪದರದ ಮೇಲೆ ಮಾತ್ರ ಹೋಗಬೇಡಿ, ಮನೆಯ ಮೆಷಿನ್ ಸೂಜಿ ಮುರಿಯುತ್ತೆ.

ಅಮೀನಗಡದಾಕಿ:

ತಂಗಿ, ಮೊದಲ ನಿನ್ನ ಅತ್ತಿಯವರಿಗೆ ನನ್ನ ಶರಣು ಹೇಳು. ನಾವೂ ಅವರ ಮಗ್ಗಲದ ಊರವರ. ಅವರು ಹೇಳಿದ್ದು ಖರೇ ಐತಿ, ಕಾರಣ ನಾ ಹೇಳತೀನಿ.

ನಮ್ಮ ಕಡೆ ಕೌದಿ ಹಿಡಿಯೂದು ಹಿಂಗಾರಿ ಜೋಳದ ರಾಶಿ ಆದ ಮ್ಯಾಲ. ಯುಗಾದಿ ದಾಟಿತಂದ್ರ ಹೊಲದಾಗ ಹೆಣಮಕ್ಕಳಿಗೆ ಕೆಲಸ ಕಡಿಮಿ. ಅಲ್ಲಿಂದ ರೋಹಿಣಿ ಮಳಿ ತನಕ ನಮ್ಮದ ರಾಜ್ಯ. ಮುಂಜಾನೆ ರೊಟ್ಟಿ ಬಡದಿಟ್ಟು ಬೇವಿನ ಗಿಡದ ನೆಳ್ಳಾಗ ಚಾಪಿ ಹಾಸಿ, ಓಣಿಯಾಗಿನ ನಾಕ ಮಂದಿ ಕೂಡಿ ಕುಂದರತಿದ್ವಿ. ಬಿಸಲ ಏರಿದ ಮ್ಯಾಲ ಪಡಸಾಲಿಗೆ. ಮಧ್ಯಾಹ್ನ ಮಾತ್ರ ಹೊಲೀಬಾರದು, ಕೈ ಬೆವತು ಸೂಜಿ ಜಾರತೈತಿ, ಬಿಳಿ ದಾರ ಕರ್ರಗಾಗತೈತಿ. ಮಿರಗ (ಮೃಗಶಿರಾ) ಮಳಿ ಕೂಡಿತಂದ್ರ, ಅಂದ್ರ ಜೂನ್ 7-8ರ ಸುಮಾರ, ಹೆಸರ ಬಿತ್ತೂದು, ಆಮ್ಯಾಲ ಕಳೆ ತಗಿಯೂದು. ಆವಾಗ ಸೂಜಿ ಹಿಡಿದು ಕುಂತ ಸೊಸಿಯನ್ನ ಯಾರ ಸುಮ್ಮನ ಬಿಡತಾರ?

ಅದು ಒಂದು ಕಾರಣ. ಇನ್ನೊಂದು ಬಟ್ಟಿದ. ಹತ್ತಿ ಅಂಬೂದು ಗಾಳಿಯಾಗಿನ ಹಸಿ ಎಳಕೊಂತೈತಿ. ಮಳ್ಯಾಗ ಮುಟ್ಟಿದರ ಒಣಗೇತಿ ಅನಸತೈತಿ, ಒಳಗ ಹಸಿ ಇರತೈತಿ. ಅಂಥಾ ನಾಕ ಪದರ ಒಂದರ ಮ್ಯಾಲ ಒಂದ ಹಾಸಿ ಬೆರಳ ಅಗಲಕ್ಕೊಂದು ಸಾಲ ಹೊಲಿಗಿ ಹಾಕಿ ಬಿಗದಿ ಅಂದ್ರ ನಡುವಿನ ಪದರಕ್ಕ ಗಾಳಿ ಎಲ್ಲಿಂದ ಬರಬೇಕು? ಒಳಗಿಂದ ಬೂಸರ ಹಿಡೀತೈತಿ. ಹೊರಗ ಕಾಣೂದಿಲ್ಲ, ವಾಸನಿ ಬರತೈತಿ, ಆ ವಾಸನಿ ಎಷ್ಟ ತೊಳದ್ರೂ ಪೂರಾ ಹೋಗೂದಿಲ್ಲ. ಮ್ಯಾಲ ಅರ್ಧ ಹೊಲದು ಸೂಜಿ ಅದರಾಗ ಚುಚ್ಚಿಟ್ಟಿ ಅಂದ್ರ ನಾಕ ದಿನದಾಗ ಜಂಗ ಹಿಡದು, ಬಟ್ಟಿ ಮ್ಯಾಲ ಕೆಂಪನ್ನ ಕಲಿ ಕೂಡತೈತಿ. ಅದಂತೂ ಏನ ಮಾಡಿದ್ರೂ ಹೋಗೂದಿಲ್ಲ.

ಜಯನಗರದ ಅಣ್ಣಾರು ಹೇಳಿದ ಮಷೀನಿನ ಹೊಲಿಗಿ ನನಗ ಸೇರೂದಿಲ್ಲ. ಸಿಟ್ಟಿಲ್ಲ, ಕಾರಣ ಐತಿ. ಮಷೀನು ಎರಡ ದಾರ ಬಿಗೀತೈತಿ, ಕೌದಿ ಸೆಟದ ನಿಲ್ಲತೈತಿ. ಕೈಯಾಗಿನ ಹೊಲಿಗಿ ಒಂದ ದಾರ, ಮ್ಯಾಲ ಒಮ್ಮೆ ಕೆಳಗ ಒಮ್ಮೆ, ಸಡಲ ಇರತೈತಿ. ಮೈಮ್ಯಾಲ ಹೊದ್ದಾಗ ಮೈಗೆ ಕೂಡತೈತಿ. ಹಳೇ ಬಟ್ಟಿ ಜಗ್ಗಿದಾಗ ಸಡಲ ದಾರ ಜೊತಿಗೆ ಸರೀತೈತಿ, ಬಿಗಿ ದಾರ ಬಟ್ಟೀನ ಕೊಯ್ಯತೈತಿ.

ಇನ್ನ ಪದರದ ಮಾತು. ನಮ್ಮ ಕಡೆ ಹಾಸೂ ಕೌದಿಗೆ ಆರು ಏಳು ಪದರನೂ ಹಾಕತೀವಿ, ನೆಲದ ಮ್ಯಾಲ ಹಾಸೂದಲ್ಲಾ. ಹೊದಿಯೂದಕ್ಕ ನಾಕು. ನಮಗದು ನಡೀತೈತಿ, ಯಾಕಂದ್ರ ನಮ್ಮ ಬಿಸಲಿಗೆ ಒಂದ ದಿನದಾಗ ಒಣಗತೈತಿ. ನಾವು ವರ್ಷಕ್ಕೊಮ್ಮೆ ಮಹಾನವಮಿ ಮುಂದ ಮನ್ಯಾಗಿನ ಹಾಸಿಗಿ ಎಲ್ಲಾ ಬಂಡಿಗೆ ಹೇರಿ ಮಲಪ್ರಭಾ ಹೊಳಿಗೆ ಒಯ್ತಿದ್ವಿ. ನೆನದ ಕೌದಿ ಎತ್ತಾಕ ಇಬ್ಬರ ಬೇಕು. ಕಲ್ಲಿನ ಮ್ಯಾಲ ಹಾಕಿ ಕಾಲಿಂದ ತುಳಿಯೂದು, ಇಬ್ಬರೂ ಎರಡ ತುದಿ ಹಿಡದು ಹಿಂಡೂದು, ಹೊಳಿ ದಂಡಿ ತುಂಬ ಒಣಹಾಕೂದು, ಅಲ್ಲೇ ಬುತ್ತಿ ಬಿಚ್ಚೂದು. ಸಂಜಿಗೆ ಒಣಗಿದ್ದನ್ನ ಮಡಚಿ ತಿರಗಿ ಬಂಡಿಗೆ. ಈಗ ಬೋರಿನ ಮುಂದ ತೊಳದು ಮಾಳಿಗಿ ಮ್ಯಾಲ ಹಾಕತೀವಿ. ನಿಮ್ಮಲ್ಲಿ ನವರಾತ್ರಿಗೂ ಮಳಿ ಹೋಗಿರೂದಿಲ್ಲ ಅಂತ ಕೇಳೇನಿ. ಅದಕ್ಕ ನಿನಗ ನಾ ಹೇಳೂದು ಮೂರ ಪದರ, ಅದರ ಮ್ಯಾಲ ಬ್ಯಾಡ. ಚಳಿ ಹೆಚ್ಚಾದ್ರ ಎರಡ ಕೌದಿ ಒಂದರ ಮ್ಯಾಲೊಂದು ಹೊದಕೊಳ್ಳರಿ. ಎರಡು ತೆಳ್ಳಂದು ಬ್ಯಾರೆ ಬ್ಯಾರೆ ಒಣಗತಾವ, ಒಂದು ದಪ್ಪಂದು ಒಣಗೂದಿಲ್ಲ.

ಜಾರ್ಜೆಟ್, ಪಾಲಿಸ್ಟರ್ ಬ್ಯಾಡ. ಹತ್ತಿ ಮ್ಯಾಲ ಹತ್ತಿ ಹಾಸಿದ್ರ ಹಿಡಕೊಂಡು ಕೂಡತೈತಿ, ಪಾಲಿಸ್ಟರ್ ನಡುವ ಹೋತಂದ್ರ ಪದರ ಜಾರಿ ಒಂದ ಕಡೆ ಗಂಟ ಕಟ್ಟತೈತಿ. ಬೆವರು ಹೀರೂದಿಲ್ಲ. ನಿಮ್ಮ ಮನ್ಯಾಗ ಮಳೆಗಾಲಕ್ಕ ಒಲಿ ಮುಂದನೂ ಕುಂದರತೀರಿ. ಕಿಡಿ ಬಿದ್ರ ಹತ್ತಿ ಸುಟ್ಟ ತೂತ ಬೀಳತೈತಿ, ಪಾಲಿಸ್ಟರ್ ಕರಗಿ ಮೈಗೆ ಅಂಟತೈತಿ. ಕೂಸಿನ ಕೌದಿಗಂತೂ ಒಂದ ತುಂಡೂ ಬ್ಯಾಡ.

ಹೆರಿಗಿ ಕಾರ್ತಿಕದಾಗ ಅಂದಿ. ತೊಟ್ಟಿಲ ಕೌದಿ ಮಾತ್ರ ಈಗ ಹಿಡಿ, ಇವತ್ತ ಹಿಡಿ. ಸಣ್ಣದು, ಎರಡ ಪದರ ಸಾಕು, ಮಿರಗ ಕೂಡೂದ್ರಾಗ ಮುಗೀತೈತಿ. ಅತ್ತಿಯವರ ಧೋತರ ಐತಲ್ಲಾ, ಅದು ಕೂಸಿನ ಮೈಗೆ ಹತ್ತೂ ಪದರಕ್ಕ. ಮ್ಯಾಲ ಇಳಕಲ್ ಸೀರಿ ತುಂಡು. ಗಂಟು ಎಲ್ಲಾ ಒಳಗ ಮುಚ್ಚಬೇಕು, ಕೂಸಿನ ಬೆರಳು ದಾರದಾಗ ಸಿಗಬಾರದು. ಕನ್ನಡಿ, ಮಣಿ, ಲೇಸು ಏನೂ ಹಚ್ಚಬ್ಯಾಡ, ಈಗಿನವರು ಫೋಟೋಕ್ಕ ಹಚ್ಚತಾರ. ಉಳದ ತುಂಡಿನಾಗ ಒಂದ ಕುಂಚಗಿ ಹೊಲಿ, ಕಾರ್ತಿಕದ ಥಂಡಿಗೆ ಕಿವಿ ಮುಚ್ಚಬೇಕಲ್ಲಾ.

ದೊಡ್ಡ ಕೌದಿ ದೀಪಾವಳಿ ಆದ ಮ್ಯಾಲ ಹಿಡಿ.

ಯಲ್ಲಾಪುರದ ನಿವೃತ್ತ ಮಾಸ್ತರ:

ಅಮೀನಗಡದ ಅಕ್ಕನವರು ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ಮಳೆನಾಡಿನಲ್ಲೂ ಈ ಕಸುಬು ಗಟ್ಟಿಯಾಗಿದೆ ಅನ್ನೋದಕ್ಕೆ ಸಿದ್ದಿಯರೇ ಸಾಕ್ಷಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದನ್ನು ಕವಂದಿ ಅನ್ನುತ್ತಾರೆ. ಆಫ್ರಿಕಾ ಮೂಲದ ಜನ, ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಧರ್ಮದವರಿದ್ದಾರೆ, ಮೂವರ ಮನೆಯಲ್ಲೂ ಕವಂದಿ ಇದೆ. ಕೆಲವರು ಅದರಲ್ಲಿ ಶಿಲುಬೆಯನ್ನೋ ಅರ್ಧಚಂದ್ರವನ್ನೋ ಕೂಡಿಸುವುದುಂಟು.

ಅವರು ಹೊಲಿಯುವ ಕ್ರಮ ಬೇರೆ. ತುಂಡುಗಳನ್ನು ಮೊದಲೇ ಜೋಡಿಸಿಕೊಂಡು ಕೂರುವುದಿಲ್ಲ. ಕೆಳಗೆ ಒಂದು ಇಡೀ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ತುಂಡು ಇಡುತ್ತಾ, ಇಟ್ಟದ್ದನ್ನು ಹೊಲಿಯುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ಮುಂದಿನ ತುಂಡು ಯಾವ ಬಣ್ಣದ್ದು ಅನ್ನುವುದು ಕೈಗೆ ಸಿಕ್ಕಾಗಲೇ ತೀರ್ಮಾನ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನದ ಹೂ ಮಾಡಿ ಹೊಲಿಯುತ್ತಾರೆ, ಅದನ್ನು ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದರ ಆಚೀಚೆಯಲ್ಲೇ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಈ ಕವಂದಿಗಳ ಮೇಲೆ ಕೆಲಸ ಮಾಡಿದರು. ಆಮೇಲೆ ಪರದೇಶದ ಪ್ರದರ್ಶನಗಳಿಗೂ ಹೋದವು. ಅಲ್ಲಿ ಗೋಡೆಗೆ ತೂಗು ಹಾಕುತ್ತಾರೆ. ಇಲ್ಲಿ ಬೇಲಿಯ ಮೇಲೆ ಒಣಗುತ್ತಿರುವುದೇ ನನಗೆ ಚಂದ ಕಾಣುತ್ತದೆ.

ನಿಮಗೆ ಬೇಕಾದ ಮಾತು ಇದು: ಹೊಲಿಗೆ ಹೊಸದಾದರೆ ಸಿದ್ದಿಯರ ಕ್ರಮ ಸುಲಭ. ತುಂಡು ಇಡೋದು, ಹೊಲಿಯೋದು ಜೊತೆಜೊತೆಗೆ ನಡೆಯುವುದರಿಂದ ನಡುವೆ ಕೈಬಿಟ್ಟರೂ ಕೆಲಸ ಚೆದುರುವುದಿಲ್ಲ.

ತುಂಗಾತೀರ:

ಅಕ್ಕಾ, ಮಾಸ್ತರೇ, ತುಂಬ ಉಪಕಾರವಾಯ್ತು. ಅತ್ತೆಗೆ ಓದಿ ಹೇಳಿದೆ. ಹೊಳೆ ದಂಡೆಯ ಬುತ್ತಿ ಮಾತು ಬಂದಾಗ "ಆಕಿ ಯಾರ ಮನಿಯಾಕಿ ಕೇಳು" ಅಂತ ಗಂಟುಬಿದ್ದಿದ್ದಾರೆ.

ಒಂದು ತೊಡಕು. ದೀಪಾವಳಿ ಆದ ಮೇಲೆ ನಮ್ಮಲ್ಲಿ ಅಡಿಕೆ ಸುಗ್ಗಿ. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು. ರಾತ್ರಿ ಹತ್ತರವರೆಗೆ ಕೈಯಲ್ಲಿ ಮೆಟ್ಟುಗತ್ತಿ ಬಿಟ್ಟು ಬೇರೇನೂ ಇರಲ್ಲ, ಅಡಿಕೆ ಚೊಗರಿಗೆ ಬೆರಳೆಲ್ಲ ಕಪ್ಪು. ಆ ಕೈಯಲ್ಲಿ ಧೋತರ ಮುಟ್ಟೋದು ಹೇಗೆ?

ಮತ್ತೆ ದಾರ ಯಾವುದು? ಇಳಕಲ್ ಸೀರೆಯ ಕೆಂಪು ಸೆರಗು ಬಣ್ಣ ಬಿಡುತ್ತಾ? ಮಗುವಿನದಕ್ಕೆ ಹಾಕೋಕೆ ಹೆದರಿಕೆ.

ಅಮೀನಗಡದಾಕಿ:

ಹಂಗಾರ ಸುಗ್ಗಿ ಮುಗಿಸೇ ಹಿಡಿ. ನಮಗೂ ರಾಶಿ ಆದ ಮ್ಯಾಲನ ಅಲ್ಲೇನು? ಅಡಿಕಿ ಮನಿಯವರಿಗೆ ಫೆಬ್ರುವರಿ, ಮಾರ್ಚ ಅಂತ ಇಟಗೋ. ಆ ಕೈಲೆ ಸುಗ್ಗಿಯಾಗ ಬ್ಯಾಡವೇ ಬ್ಯಾಡ, ಚೊಗರಿನ ಕಲಿ ಹತ್ತಿಯಿಂದ ಬಿಡೂದಿಲ್ಲ.

ಮಳೆಗಾಲ ಖಾಲಿ ಕೂಡಬ್ಯಾಡ. ಈಗ ಬಿಸಲ ಇರೂದ್ರಾಗ ಎಲ್ಲಾ ಸೀರಿ ತೊಳದು, ಗರಿಗರಿ ಒಣಗಿಸಿ, ಬೇವಿನ ಎಲಿ ಹಾಕಿ ಟ್ರಂಕಿನಾಗ ಮುಚ್ಚಿಡು. ಮಳ್ಯಾಗ ಕತ್ತರಿಸೂ ಕೆಲಸ ಮಾಡು, ಹಸಿ ಇದ್ರೂ ಅದಕ್ಕ ಅಡ್ಡಿಯಿಲ್ಲ, ಆದ್ರ ಹೊಲಿಯೂ ಮುಂದ ಮತ್ತೊಮ್ಮೆ ಬಿಸಲಿಗೆ ಹಾಕಬೇಕು. ನಾವು ಸಣ್ಣವರಿದ್ದಾಗ ಎಳ್ಳಮಾಸಿ ಆದ ಮ್ಯಾಲ ಜೋಳದ ಹೊಲದಾಗ ಹಕ್ಕಿ ಕಾಯಾಕ ಕಳಸತಿದ್ರು. ಅಟ್ಟಣಗಿ ಮ್ಯಾಲ ಕುಂತು ಒಂದ ಕೈಯಾಗ ಕವಣಿ, ಉಡಿಯಾಗ ತುಂಡು. ಹಕ್ಕಿ ಬರದಾಗ ಎರಡೆರಡ ತುಂಡು ಕೂಡಿಸಿ ಇಡತಿದ್ವಿ, ಬ್ಯಾಸಗಿ ಬರೂದ್ರಾಗ ಮ್ಯಾಲಿನ ಪದರ ಅರ್ಧ ತಯಾರ. ಬಿಡಿ ತುಂಡು ಕೂಡಿಸೂದಕ್ಕ ಹೊತ್ತು ಗೊತ್ತು ಇಲ್ಲ, ಪದರ ಬಿಗಿಯೂದಕ್ಕ ಮಾತ್ರ ಒಣ ಹವಾ ಬೇಕು. ಮಾಸ್ತರು ಹೇಳಿದ ಸಿದ್ದಿಯರ ಪದ್ಧತಿ ಹಿಡಿದ್ರ ಕೂಡಿಸೂದು ಬಿಗಿಯೂದು ಎರಡೂ ಒಂದ ಆಗತೈತಿ, ಅದನ್ನ ಬ್ಯಾಸಗಿಗೇ ಇಡಬೇಕಾಗತೈತಿ. ನಿನಗ ಯಾವದು ಸೇರತೈತಿ ನೋಡು. ಮೂಲಿಗೆ ಹೂ ಮಾಡೂದು ಮಾತ್ರ ನನಗೂ ಕಲೀಬೇಕಾಗೇತಿ.

ಲೆಕ್ಕ ಹೇಳತೀನಿ. ಆರ ಗಜದ ಸೀರಿ ಅಂದ್ರ 5.5 ಮೀಟರ್. ನಡುವ ಕತ್ತರಿಸಿ ಎರಡೂ ತುಂಡು ಬಾಜೂಕ ಬಾಜೂ ಕೂಡಿಸಿದ್ರ ಇಬ್ಬರಿಗೆ ಆಗೂ ಒಂದ ಪದರ. ಮೂರ ಪದರಕ್ಕ ಮೂರ ಸೀರಿ. ಅತ್ತಿಯವರ ಸೀರಿ ಎಂಟ ಗಜದ್ದಿದ್ರ ಉಳದದ್ದು ಮ್ಯಾಲಿನ ತುಂಡಿಗೆ. ನೆಲ ಬಳದು ಒಣಗಿಸಿ, ಸುಕ್ಕಿಲ್ಲದಂಗ ಹಾಸಿ, ನಾಕೂ ಮೂಲಿಗೆ ಕಲ್ಲ ಇಟ್ಟು, ಮೊದಲ ಗೇಣ ಗೇಣಿಗೊಂದು ಕಚ್ಚಾ ಟಾಕಾ, ಅಂದ್ರ ಆಮ್ಯಾಲ ಬಿಚ್ಚೂ ಉದ್ದನ್ನ ಸಡಲ ಹೊಲಿಗಿ, ಹಾಕು. ಇದನ್ನ ಬಿಟ್ಟವರ ಕೌದಿ ಒಂದ ಮೂಲಿಗೆ ಎಳದು ಹಪ್ಪಳದಂಗ ಮುರುಟತೈತಿ.

ದಾರ ದಪ್ಪ ಹತ್ತಿದ. ಪಾಲಿಸ್ಟರ್ ದಾರ ಗಟ್ಟಿ ಅಂತ ಅಂಗಡಿಯವರು ಕೊಡತಾರ, ತಗೋಬ್ಯಾಡ, ಅದು ಹಳೇ ಬಟ್ಟೀನ ಕೊಯ್ಯತೈತಿ. ದಾರಕ್ಕ ಜೇನಮೇಣ ಒಮ್ಮೆ ಎಳಿ, ಸಿಕ್ಕ ಬೀಳೂದಿಲ್ಲ. ಒಂದ ಮೊಳಕ್ಕಿಂತ ಉದ್ದ ದಾರ ಪೋಣಿಸಬ್ಯಾಡ. ನಡುಬೆರಳಿಗೆ ಹಳೇ ಬಟ್ಟಿ ಚಿಂದಿ ಸುತ್ತಿಕೋ. ಅಂಗಡ್ಯಾಗಿನ ತಗಡಿನ ಟೊಪಗಿ ನನಗಂತೂ ಕೂಡೂದಿಲ್ಲ.

ಸೆರಗಿಂದು ಚಲೋ ಕೇಳಿದಿ. ಇಳಕಲ್ ಸೀರಿಯಾಗ ಮೈ ನೂಲು ಬ್ಯಾರೆ, ಸೆರಗಿನ ನೂಲು ಬ್ಯಾರೆ. ಕೊಂಡಿ ಹಾಕಿ ಕೂಡಿಸಿ ನೇದಿರತಾರ. ಮೈ ಹತ್ತಿ ಇದ್ರೂ ಸೆರಗು ಹೆಚ್ಚಾಗಿ ರೇಷ್ಮಿದ. ತೊಳದಾಗ ಎರಡೂ ಒಂದ ನಮೂನಿ ಜಗ್ಗೂದಿಲ್ಲ. ಅದಕ್ಕ ಸೆರಗು ಕೊಂಡಿ ಹಂತೇಕ ಕತ್ತರಿಸಿ ಬ್ಯಾರೆ ಇಡು. ಬಣ್ಣ ನೋಡೂದಿದ್ರ ಬೆಚ್ಚನ್ನ ಸಾಬಾಣ ನೀರಾಗ ಸೆರಗಿನ ಮೂಲಿ ಅದ್ದಿ, ಬಿಳಿ ಧೋತರದ ಚಿಂದಿಯಾಗ ಒತ್ತಿ ಹಿಡಿ. ಚಿಂದಿ ಕೆಂಪಾತಂದ್ರ ಕೂಸಿನ ಕೌದಿಗೆ ಆ ಸೆರಗು ಬ್ಯಾಡ, ದೊಡ್ಡ ಕೌದಿಗೂ ಬಣ್ಣ ನಿಲ್ಲೂ ತನಕ ಬ್ಯಾರೆ ತೊಳೀಬೇಕು. ಕೆಂಪಾಗಲಿಲ್ಲ ಅಂದ್ರ ನಡುವ ಹಾಕು, ಚಂದ ಕಾಣತೈತಿ.

ಕೂಸಿನದು ಕಚ್ಚಾ ಟಾಕಾ ಹಾಕಿದ ಮ್ಯಾಲ ಒಂದ ಫೋಟೋ ಹಾಕು, ಸುಕ್ಕ ಎಲ್ಲೈತಿ ನೋಡಿ ಹೇಳತೀನಿ. ಅತ್ತಿಯವರಿಗೆ ಹೇಳು, ನಾವು ಅಮೀನಗಡದಾಗ ಕರದಂಟಿನ ಅಂಗಡಿ ಹಿಂದಿನ ಓಣಿಯವರು.