ಗಾಡಿ ಎತ್ತಿಹಾಕುತ್ತದೆ, ಕೂತಿದೆ, ಓಲಾಡುತ್ತದೆ: ಇವೆಲ್ಲಕ್ಕೂ ಸೇರಿ ಒಂದು ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಪಿಕಪ್ ಗಾಡಿಯ ಹಿಂದೆ ಕ್ಯಾಂಪರ್ ಕೂರಿಸಿಕೊಂಡು ಊರೂರು ತಿರುಗುವವರಿಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷಿನ 'ರೈಡ್ ಕ್ವಾಲಿಟಿ'ಗೆ, ಅಂದರೆ ಗುಂಡಿ, ತಿರುವುಗಳಲ್ಲಿ ಗಾಡಿ ಒಳಗೆ ಕೂತವರಿಗೆ ಎಷ್ಟು ಹಿತವಾಗಿ ಸಾಗುತ್ತದೆ ಅನ್ನುವುದಕ್ಕೆ, ಏನು ಬರೆಯಲಿ? 'ಸವಾರಿಯ ಗುಣಮಟ್ಟ' ಅಂತ ಒಬ್ಬರು ಹೇಳಿದರು, ನನಗೆ ಒಗ್ಗಲಿಲ್ಲ. ಸವಾರಿ ಅಂದರೆ ಕುದುರೆಯೋ ಬೈಕೋ ನೆನಪಾಗುತ್ತದೆ, ಇಲ್ಲವೇ 'ಏನು ಸಾಹೇಬರ ಸವಾರಿ ಈ ಕಡೆ' ಅನ್ನುವ ತಮಾಷೆ.

ಕ್ಯಾಂಪರ್ ಅನ್ನುವ ಪದದಲ್ಲೇ ಮೊದಲ ತೊಡಕು. ಹಾಸನ, ಸಕಲೇಶಪುರದ ಕಡೆ ಕ್ಯಾಂಪರ್ ಅಂದರೆ ಬೊಲೆರೊ ಕ್ಯಾಂಪರ್, ಎರಡು ಸಾಲು ಸೀಟು, ಹಿಂದೆ ಸಾಮಾನಿಗೆ ಜಾಗ. ಅಮೆರಿಕದವರ ಕ್ಯಾಂಪರ್‌ನಲ್ಲಿ ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಎಲ್ಲ ಇರುತ್ತದೆ. ನನ್ನ ಕೈಪಿಡಿ ಈ ಎರಡನೆಯದರ ಬಗ್ಗೆ, ಅದಕ್ಕೆ ಸದ್ಯಕ್ಕೆ 'ಗೂಡು' ಅಂತ ಬರೆದಿದ್ದೇನೆ.

ಇನ್ನು ಅಸಲು ವಿಷಯ. ನಮ್ಮ ಡ್ರೈವರುಗಳು ಈ 'ಕ್ವಾಲಿಟಿ'ಯನ್ನು ನಾಮಪದದಲ್ಲಿ ಹೇಳುವುದೇ ಇಲ್ಲ, ಕ್ರಿಯಾಪದದಲ್ಲಿ ಹೇಳುತ್ತಾರೆ, ಒಂದೊಂದು ಕ್ರಿಯಾಪದಕ್ಕೂ ರಿಪೇರಿ ಬೇರೆ.

ಖಾಲಿ ಪಿಕಪ್ 'ಎತ್ತಿಹಾಕುತ್ತದೆ'. ಹಿಂದಿನ ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಪೂರ್ತಿ ಲೋಡಿನ ಲೆಕ್ಕಕ್ಕೆ ಮಾಡಿರುತ್ತಾರೆ, ಭಾರ ಇಲ್ಲದಾಗ ಅವು ಸರಿಯಾಗಿ ಬಗ್ಗುವುದಿಲ್ಲ, ಗುಂಡಿಯ ಪೆಟ್ಟು ನೇರ ಸೊಂಟಕ್ಕೆ. ಟಯರಿಗೆ ಗಾಳಿ ಜಾಸ್ತಿ ಇದ್ದರೂ ಇದೇ ಕಥೆ.

ಗೂಡು ಏರಿಸಿದ ಮೇಲೆ ಗಾಡಿ 'ಕೂತಿದೆ' ಅನ್ನುತ್ತಾರೆ. ಹಿಂದೆ ತಗ್ಗಿ ಮೂತಿ ಮೇಲಾಗುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಸ್ಟೀರಿಂಗ್ ಹಗುರವಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿದರೆ ಗಾಡಿ ಏಳುತ್ತದೆ, ಆದರೆ ಗೂಡು ಇಳಿಸಿದ ದಿನ ಮೊದಲಿಗಿಂತ ಜಾಸ್ತಿ ಎತ್ತಿಹಾಕುತ್ತದೆ. ಗೂಡನ್ನು ಆಗಾಗ ಇಳಿಸುವವರಿಗೆ ಗಾಳಿ ತುಂಬುವ ಸ್ಪ್ರಿಂಗೇ ವಾಸಿ, ಭಾರಕ್ಕೆ ತಕ್ಕಂತೆ ಗಾಳಿ ಏರಿಸಬಹುದು, ಇಳಿಸಬಹುದು. ಅದಕ್ಕೆ 'ಏರ್ ಬ್ಯಾಗ್' ಅಂತ ಬರೆದರೆ ಓದುವವರು ಅಪಘಾತದಲ್ಲಿ ಉಬ್ಬುವ ಚೀಲ ಅಂದುಕೊಳ್ಳುತ್ತಾರೆ, ಹಾಗಾಗಿ 'ಗಾಳಿ ಸ್ಪ್ರಿಂಗ್' ಅಂತಲೇ ಬಿಟ್ಟಿದ್ದೇನೆ. ಯಾವುದು ಹಾಕಿಸಿದರೂ ಗಾಡಿ ಹೊರಬಹುದಾದ ತೂಕವೇನೂ ಏರುವುದಿಲ್ಲ ಬಿಡಿ. ಆಕ್ಸಲ್, ಬ್ರೇಕು, ಟಯರು ಹಳೆಯವೇ ತಾನೆ.

ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ಕೇಳುವ ದೂರು 'ಓಲಾಡುತ್ತದೆ'. ಗೂಡಿನ ಭಾರ ಎತ್ತರದಲ್ಲಿ ಇರುವುದೇ ಕಾರಣ. ನೀರು, ಬ್ಯಾಟರಿ ಕೆಳಗಿಡಬೇಕು. ಹಿಂದಿನ ಆಕ್ಸಲಿಗೆ ಆ್ಯಂಟಿ ರೋಲ್ ಬಾರ್ (ಗಾಡಿ ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು) ಹಾಕಿಸಿದರೆ ಓಲಾಟ ಎಷ್ಟೋ ಕಮ್ಮಿಯಾಗುತ್ತದೆ. ಟಯರಿಗೆ ಆ ತೂಕಕ್ಕೆ ಬೇಕಾದಷ್ಟು ಗಾಳಿ ಇರಲೇಬೇಕು. ಮೆತ್ತಗಿರಲಿ ಅಂತ ಗಾಳಿ ಇಳಿಸುವವರು ಇದ್ದಾರೆ, ಅದು ತಪ್ಪು, ಟಯರು ಬಿಸಿಯಾಗಿ ಸಿಡಿಯಬಹುದು.

ನಾಲ್ಕನೆಯದು 'ಕುಣಿಯುತ್ತದೆ'. ಹಂಪ್ ದಾಟಿದ ಮೇಲೂ ಗಾಡಿ ಮೇಲೆ ಕೆಳಗೆ ಆಡುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಅಂತ ಅರ್ಥ. ಭಾರ ಹೊರುವುದು ಸ್ಪ್ರಿಂಗು, ಕುಣಿತ ನಿಲ್ಲಿಸುವುದು ಶಾಕು. ಈ ಎರಡನ್ನೂ ಸುಮ್ನೆ 'ಸಸ್ಪೆನ್ಷನ್ ಹೋಗಿದೆ' ಅಂತ ಒಂದೇ ಮಾತಲ್ಲಿ ಮುಗಿಸುವುದರಿಂದಲೇ ಜನ ಬೇಡದ ಸಾಮಾನು ಹಾಕಿಸಿಕೊಂಡು ಬರುತ್ತಾರೆ ಅಂತ ನನ್ನ ಅನಿಸಿಕೆ.

ಅದಕ್ಕೇ ಕೈಪಿಡಿಯ ಅಧ್ಯಾಯಗಳನ್ನು ಈ ನಾಲ್ಕು ಕ್ರಿಯಾಪದಗಳ ಮೇಲೇ ಮಾಡುತ್ತಿದ್ದೇನೆ. ಆದರೂ ತಲೆಬರಹಕ್ಕೆ ಒಂದು ನಾಮಪದ ಬೇಕಲ್ವಾ? 'ಗಾಡಿಯ ನಡೆ' ಅಂದರೆ ಹೇಗೆ? ಎತ್ತಿನ ನಡೆ ಅನ್ನುತ್ತೇವಲ್ಲ, ಹಾಗೆ. 'ಓಟ' ಅಂದರೆ ವೇಗ ಅಂತ ಆಗುತ್ತದೆ, ಬೇಡ. ಶಾಕ್ ಮಾಡುವ ಕೆಲಸಕ್ಕೆ 'ಅಡಗಿಸು' ಸರಿಯೋ, 'ತಗ್ಗಿಸು' ಸರಿಯೋ? ಮೂಡಿಗೆರೆ, ಕೊಪ್ಪದ ಕಡೆಯವರು ಓಲಾಟಕ್ಕೆ 'ತೊನೆದಾಟ' ಅನ್ನುವುದುಂಟಾ, ಅಥವಾ ಅದು ಪೈರಿಗೆ ಮಾತ್ರವಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.